ಮ್ಯೂನಿಕ್‌ನಲ್ಲೇ ಬಿಡಾರ ಹೂಡಿ

ಹತ್ತು ದಿನಕ್ಕೆ ಐದು ದೇಶ, ಎಂಟು ಕೋಟೆ ಎಂದು ಬರೆದಿದ್ದೀರಿ. ಮಂಡಿನೋವಿರುವ ನಿಮ್ಮ ತಂದೆಯವರೂ ಜೊತೆಗಿರುತ್ತಾರೆ. ದಯವಿಟ್ಟು ಪಟ್ಟಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ದಿನವೂ ಸೂಟ್‌ಕೇಸ್ ಕಟ್ಟಿ ಬಿಚ್ಚುವುದು ಕೋಟೆ ಹತ್ತುವುದಕ್ಕಿಂತ ಹೆಚ್ಚು ದಣಿಸುತ್ತದೆ. ಮ್ಯೂನಿಕ್ ನಿಲ್ದಾಣದ ಹತ್ತಿರ ಕೋಣೆ ಹಿಡಿದು, ಬೆಳಿಗ್ಗೆ ಹೊರಟು ಸಂಜೆಗೆ ಮರಳಿ.

ಎಲ್ಲರೂ ಹೇಳುವ ನಾಯ್‌ಶ್ವಾನ್‌ಸ್ಟೈನ್‌ಗೆ ಹೋಗಲು ಫ್ಯೂಸೆನ್ ಊರಿನವರೆಗೆ ಸುಮಾರು ಎರಡು ಗಂಟೆ ರೈಲು, ಮುಂದೆ ಬಸ್ಸು, ಆಮೇಲೆ ಏರುದಾರಿ. ಒಳಗೆ ಗೈಡ್ ಜೊತೆಗೇ, ಟಿಕೆಟ್‌ನಲ್ಲಿರುವ ಹೊತ್ತಿಗೇ ಹೋಗಬೇಕು. ಅದು ಮಧ್ಯಯುಗದ ಕೋಟೆಯೂ ಅಲ್ಲ. ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸತೊಡಗಿದ ಅರಮನೆ. 1886ರಲ್ಲಿ ಅವನು ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಚೆಲುವಾಗಿದೆ, ನಿಜ. ಆದರೆ ನಿಮ್ಮ ತಂದೆಯವರಿಗೆ ನಾನು ಅದನ್ನು ಸೂಚಿಸಲಾರೆ.

ಅದರ ಬದಲು ಪಕ್ಕದ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋಗಿ, ಇಡೀ ದಿನ ಕೊಡಿ. ಹೋಹೆನ್‌ಸಾಲ್ಜ್‌ಬರ್ಗ್ ಕೋಟೆಯ ಕಟ್ಟೋಣ ಶುರುವಾದದ್ದು 1077ರಲ್ಲಿ. ಶತ್ರುಗಳನ್ನು ತಡೆಯಲೆಂದೇ ಎದ್ದ ಗೋಡೆಗಳು. ಗುಡ್ಡದ ಇಳಿಜಾರಿಗೆ 1892ರಿಂದಲೂ ಹಗ್ಗದಿಂದ ಎಳೆಯುವ ಪುಟ್ಟ ರೈಲಿದೆ, ಮಂಡಿಗೆ ತೊಂದರೆಯಿಲ್ಲದೆ ಮೇಲೇರಬಹುದು. ಕೆಳಗಿನ ಹಳೆಯ ಪೇಟೆ ಬಹುತೇಕ ಸಮತಟ್ಟು, ಅಲ್ಲಲ್ಲಿ ಕೂತು ನೋಡುವಂಥದ್ದು. ಗಡಿ ದಾಟುವುದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇನ್ನೊಂದು ದಿನ ಬಾಂಬರ್ಗ್. 1993ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಈ ಊರು ಎರಡನೇ ಮಹಾಯುದ್ಧದಲ್ಲಿ ಬಹುಪಾಲು ಉಳಿದುಕೊಂಡಿತು. ಹಳೆಯ ಪುರಭವನ ನದಿಯ ನಡುವೆಯೇ ನಿಂತಿದೆ. ಬೀದಿಗೆಲ್ಲ ಉರುಟು ಕಲ್ಲುಹಾಸು, ಆದ್ದರಿಂದ ದಪ್ಪ ಅಟ್ಟೆಯ ಬೂಟು ಬೇಕೇ ಬೇಕು.

ಇಷ್ಟೇ ಸುತ್ತಾಟಕ್ಕೆ ಯೂರೈಲ್ ಎಂಬ ರೈಲು ಪಾಸ್ ಕೊಳ್ಳುವ ಮೊದಲು ಬಿಡಿ ಟಿಕೆಟ್‌ಗಳ ಬೆಲೆ ಕೂಡಿ ನೋಡಿ.