ಚಳಿಗಾಲದ ಮಂಜೂ ನಮ್ಮ ಪ್ರಯಾಣವೂ

ಹಿಮವು ಮೊಳಕಾಲುದ್ದ ಬಿದ್ದು ರೈಲುಬಂಡಿಗಳು ಹಳಿಯ ಮೇಲೆಯೇ ನಿಂತುಹೋಗುವ ದೇಶಗಳ ವೃತ್ತಾಂತವನ್ನು ನೀವು ಭೂಗೋಳದ ಪಾಠದಲ್ಲಿ ಓದಿರುವಿರಷ್ಟೆ. ನಮ್ಮ ಬೆಂಗಳೂರಿಗೆ ಅಂತಹ ಚಳಿಯಿಲ್ಲ. ಇಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯು 1884ನೆಯ ಇಸವಿ ಜನವರಿ 13ರಂದು ಕಂಡುಬಂದ 7.8 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ನೀರು ಹೆಪ್ಪುಗಟ್ಟದು. ಆದರೂ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಮ್ಮ ಬಸ್ಸು, ರೈಲು, ವಿಮಾನಗಳನ್ನು ತಡೆದು ನಿಲ್ಲಿಸಬಲ್ಲ ವಸ್ತುವೊಂದು ಉಂಟು. ಅದೇ ಮಂಜು. ಅದರ ವಿಷಯವಾಗಿ ಬರೆಯುವುದಕ್ಕೆ ನಮಗೊಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುವುದೇ ನ್ಯಾಯ.

ಕೆಲವು ವರ್ಷಗಳ ಹಿಂದೆ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ದಿನ, ಯಲಹಂಕದಿಂದಾಚೆಯ ಹಳ್ಳಿಯ ಹುಡುಗಿಯೊಬ್ಬಳು ಗಂಟೆ ಬಾರಿಸಿ ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲಿಗೆ ಓಡಿಬಂದಳು. “ಮಂಜು ಮಿಸ್, ಬಸ್ಸೇ ಬರಲಿಲ್ಲ” ಎಂದಳು. ನಾವು ತಲೆಯೆತ್ತಿ ನೋಡಿದೆವು. ಆರ್.ಟಿ. ನಗರದಲ್ಲಿ ಬೆಳಗಿನಿಂದಲೂ ಆಕಾಶವು ನಿರ್ಮಲವಾಗಿತ್ತು. ಸುಳ್ಳು ಹೇಳಬಾರದೆಂದು ಗದರಿಸಿ ಅವಳನ್ನು ಇನ್ನೂ ಕಾಲು ಗಂಟೆ ಹೊರಗೆ ನಿಲ್ಲಿಸಿದೆವು. ಅಷ್ಟರಲ್ಲಿ ದೇವನಹಳ್ಳಿಯ ಕಡೆಯಿಂದ ಬರುವ ನಮ್ಮ ಶಿಕ್ಷಕಿಯೊಬ್ಬರು ಏದುಸಿರು ಬಿಡುತ್ತ ಬಂದು ಅದೇ ಮಾತನ್ನು ಹೇಳಿದರು. ಅವರನ್ನು ಒಡನೆ ನಂಬಿದೆವು! ಮಗುವಿನ ಬಾಯಿಂದ ಬಂದಾಗ ಸುಳ್ಳಾಗಿದ್ದ ಮಾತು ದೊಡ್ಡವರ ಬಾಯಿಂದ ಬಂದಾಗ ನಿಜವಾಯಿತು. ಹುಡುಗಿ ಒಳಗೆ ಹೋಗಿ ಕುಳಿತಳು; ಆದರೆ ಕಡೆಯ ಎರಡು ಲೆಕ್ಕಗಳಿಗೆ ಅವಳಿಗೆ ಕಾಲ ಸಾಲಲಿಲ್ಲ. ಸಂಜೆ ನಾವು ಅವಳಲ್ಲಿ ಕ್ಷಮೆ ಕೇಳಿಕೊಂಡೆವು. ಅವಳು ಏನೂ ಹೇಳದೆ ನಿಂತಿದ್ದುದು ಇಂದಿಗೂ ನಮ್ಮ ನೆನಪಿನಲ್ಲಿದೆ.

ಹಾಗಾದರೆ ಸುಮಾರು ಹತ್ತು ಕಿಲೋಮೀಟರುಗಳ ಅಂತರದಲ್ಲಿ ಅತ್ತ ಮಂಜು, ಇತ್ತ ಬೆಳಕು ಇರುವುದು ಹೇಗೆ? ಹಿತ್ತಾಳೆಯ ಚೊಂಬಿನಲ್ಲಿ ತಣ್ಣೀರು ತುಂಬಿ ಅಡಿಗೆಮನೆಯಲ್ಲಿಟ್ಟು ನೋಡಿರಿ. ಸ್ವಲ್ಪ ಹೊತ್ತಿನಲ್ಲಿ ಹೊರಮೈ ಬೆವರುವುದು. ಆ ನೀರು ಚೊಂಬಿನಿಂದ ಸೋರಿದುದಲ್ಲ; ಗಾಳಿಯಲ್ಲಿ ಕಾಣದಂತಿದ್ದ ಆವಿಯು ತಂಪು ತಗುಲಿ ಹನಿಯಾದುದು. ಚಳಿಗಾಲದ ರಾತ್ರಿಯಲ್ಲಿ ಭೂಮಿಯೇ ಆ ಚೊಂಬು. ಹಗಲು ಹೀರಿದ ಶಾಖವನ್ನು ನೆಲವು ರಾತ್ರಿಯೆಲ್ಲ ಆಕಾಶಕ್ಕೆ ಬಿಟ್ಟುಕೊಡುವುದು. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆಯುವುದು. ಮೋಡವಿಲ್ಲದ ರಾತ್ರಿ ನೆಲ ಬೇಗನೆ ತಣ್ಣಗಾಗುವುದು. ಅಕ್ಟೋಬರ್, ನವೆಂಬರ್ ತಿಂಗಳುಗಳ ಹಿಂಗಾರು ಮಳೆಯಿಂದ ಮಣ್ಣೂ ಕೆರೆಗಳೂ ತುಂಬಿರುವುದರಿಂದ ಆವಿಗೆ ಕೊರತೆಯಿಲ್ಲ. ಗಾಳಿ ಸ್ವಲ್ಪವೂ ಬೀಸದಿದ್ದರೆ ಬರಿಯ ಇಬ್ಬನಿ ಬೀಳುವುದು. ಜೋರಾಗಿ ಬೀಸಿದರೆ ಎಲ್ಲವೂ ಚದರಿಹೋಗುವುದು. ಮಂದವಾಗಿ ಸುಳಿದರೆ ಮಾತ್ರ ತಂಪು ಮೇಲಕ್ಕೆ ಹರಡಿ ಮಂಜು ಕವಿಯುವುದು. ದೇವನಹಳ್ಳಿಯ ಬಯಲೂ ಹೊಲಗಳೂ ಇದಕ್ಕೆ ತಕ್ಕ ಸ್ಥಳ. ನಮ್ಮ ಬಡಾವಣೆಯ ಕಲ್ಲು, ಕಾಂಕ್ರೀಟು, ಡಾಂಬರುಗಳಾದರೋ ಹಗಲಿನ ಶಾಖವನ್ನು ಬೆಳಗಿನವರೆಗೂ ಬಚ್ಚಿಟ್ಟುಕೊಳ್ಳುತ್ತವೆ.

ಇನ್ನೊಂದು ಸಂಗತಿಯನ್ನು ಅನೇಕರು ಅರಿಯರು. ಅತಿ ದೀರ್ಘವಾದ ರಾತ್ರಿ ಡಿಸೆಂಬರ್ 21 ಅಥವಾ 22ರಂದು ಬರುವುದಾದರೂ, ನಮ್ಮ ಊರಿನಲ್ಲಿ ಸೂರ್ಯನು ಅತಿ ತಡವಾಗಿ ಹುಟ್ಟುವುದು ಜನವರಿಯ ಉತ್ತರಾರ್ಧದಲ್ಲಿ. ಆದುದರಿಂದ ಸಂಕ್ರಾಂತಿ ಕಳೆಯಿತು, ಇನ್ನು ಬೆಳಗು ಬೇಗ ಆಗುವುದೆಂದು ನೆಚ್ಚುವ ಹುಡುಗಿ ಮೋಸಹೋಗುವಳು.

ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಾಣುತ್ತಿದ್ದರೆ ಅದನ್ನು ಹವಾಮಾನ ಶಾಸ್ತ್ರಜ್ಞರು ಮಂಜೆನ್ನುತ್ತಾರೆ. ಐವತ್ತು ಮೀಟರು ಮಾತ್ರ ಕಾಣುವಾಗ ಗಂಟೆಗೆ 60 ಕಿಲೋಮೀಟರು ವೇಗದ ಬಸ್ಸಿನ ಚಾಲಕನಿಗೆ ಉಳಿಯುವ ಕಾಲವೆಷ್ಟು? ಆ ಬಸ್ಸು ಸೆಕೆಂಡಿಗೆ ಸುಮಾರು 17 ಮೀಟರು ಓಡುವುದು. ಎಂದರೆ ಮೂರೇ ಸೆಕೆಂಡು! ಅದರಲ್ಲಿ ಒಂದು ಸೆಕೆಂಡಾದರೂ ಕಂಡುದನ್ನು ಗ್ರಹಿಸಿ ಕಾಲನ್ನು ಬ್ರೇಕಿನ ಮೇಲಿಡುವುದಕ್ಕೇ ಬೇಕು. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಇರುವೆಯಂತೆ ಸಾಗಿದಾಗ ಚಾಲಕನನ್ನು ಬಯ್ಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡತಕ್ಕದ್ದು.

ರೈಲಿನ ಕಷ್ಟ ಇದಕ್ಕಿಂತ ದೊಡ್ಡದು. ಭಾರವಾದ ಬಂಡಿ ನಿಲ್ಲಲು ನೂರಾರು ಮೀಟರು ಬೇಕು. ಆದುದರಿಂದ ಮಂಜಿನಲ್ಲಿ ಸಿಗ್ನಲಿಗೆ 270 ಮೀಟರು ಮುಂಚಿತವಾಗಿ, ಹತ್ತು ಮೀಟರುಗಳ ಅಂತರದಲ್ಲಿ, ಎರಡು ಪಟಾಕಿಗಳನ್ನು ಹಳಿಗೆ ಕಟ್ಟುವ ಪದ್ಧತಿಯುಂಟು. ಚಕ್ರವು ಅವುಗಳ ಮೇಲೆ ಹರಿದೊಡನೆ ಢಮ್ಮೆಂದು ಸಿಡಿಯುವುವು. ಕಣ್ಣು ಸೋತ ಕಡೆ ಕಿವಿಗೆ ಎಚ್ಚರಿಕೆ. ಈಗ ಮುಂದಿನ ಸಿಗ್ನಲು ಎಷ್ಟು ದೂರವಿದೆಯೆಂದು ಉಪಗ್ರಹಗಳ ನೆರವಿನಿಂದ ತಿಳಿಸುವ ಉಪಕರಣವೂ ಎಂಜಿನುಗಳಲ್ಲಿ ಬಂದಿದೆ. ಹೀಗಿದ್ದರೂ ಉತ್ತರ ಹಿಂದೂಸ್ಥಾನದ ಬಯಲಿನಲ್ಲಿ ಮಂಜು ಕವಿದರೆ, ಹೊಸ ದೆಹಲಿಯಿಂದ ಹಿಂದೂಪುರದ ಮಾರ್ಗವಾಗಿ ನಮ್ಮೂರಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ತಡವಾಗುವುದು. ಇಲ್ಲಿ ಸುಡುವ ಬಿಸಿಲಿನಲ್ಲಿ ನಿಂತು ನೆಂಟರ ದಾರಿ ಕಾಯುವವರಿಗೆ ಅದು ವಿಚಿತ್ರವಾಗಿಯೇ ತೋರುವುದು.

ವಿಮಾನಗಳ ಕಥೆಯೂ ಹಾಗೆಯೇ. 2008ನೆಯ ಇಸವಿ ಮೇ ತಿಂಗಳಿನಲ್ಲಿ ದೇವನಹಳ್ಳಿಯ ನಿಲ್ದಾಣವು ತೆರೆದಂದಿನಿಂದ ಚಳಿಗಾಲದ ಮುಂಜಾವಿನಲ್ಲಿ ಎಷ್ಟೋ ವಿಮಾನಗಳು ಇಳಿಯಲಾರದೆ ಬೇರೆ ಊರುಗಳಿಗೆ ತಿರುಗಿ ಹೋಗಿವೆ. 2019ರ ಡಿಸೆಂಬರಿನಲ್ಲಿ ತೆರೆದ ದಕ್ಷಿಣದ ಓಡುಹಾದಿಗೆ ಮುಂದಿನ ವರ್ಷಾಂತ್ಯದಲ್ಲಿ ವಿಶೇಷ ಸಲಕರಣೆಗಳು ದೊರೆತವು. ಅದಕ್ಕೆ ಮುಂಚೆ ಇಳಿಯಬೇಕಾದರೆ 550 ಮೀಟರು ಕಾಣಬೇಕಾಗಿದ್ದುದು ಈಗ 50 ಮೀಟರಿದ್ದರೂ ಸಾಕು. ತಕ್ಕ ಯಂತ್ರವೂ ತಕ್ಕ ಶಿಕ್ಷಣ ಪಡೆದ ಚಾಲಕರೂ ಇರಬೇಕು, ಅಷ್ಟೆ.

ಬಸ್ಸಿನಲ್ಲಿ ಬರುವ ನಮ್ಮ ಹುಡುಗಿಯರಿಗೆ ಅಂತಹ ಸಲಕರಣೆಗಳಿಲ್ಲ. ಆದುದರಿಂದ ನಿಯಮವನ್ನೇ ಬದಲಿಸಿದೆವು. ಡಿಸೆಂಬರ್ ಮೊದಲುಗೊಂಡು ಫೆಬ್ರವರಿಯ ನಡುವಿನವರೆಗೆ, ಹೆಬ್ಬಾಳದ ಆಚೆಯಿಂದ ಬರುವವರನ್ನು ಮೊದಲು ಒಳಗೆ ಕೂರಿಸಿ ವಿಚಾರಣೆಯನ್ನು ಆಮೇಲೆ ನಡೆಸುವುದು. ಪರೀಕ್ಷೆಯಲ್ಲಿ ಕಳೆದ ನಿಮಿಷಗಳನ್ನು ಕೊನೆಯಲ್ಲಿ ಹಿಂದಿರುಗಿಸುವುದು. ಹೊದ್ದು ಮಲಗಿದ್ದು ಎದ್ದುಬಂದು ಮಂಜೆಂದು ಹೇಳಿದವರೂ ಇಬ್ಬರು ಮೂವರು ಇದ್ದರು, ಹೆಸರು ಹೇಳುವುದಿಲ್ಲ. ಅವರನ್ನು ಹಿಡಿದುದು ನಾವಲ್ಲ, ವಿಜ್ಞಾನ ಸಂಘದ ಮಂಜಿನ ಪುಸ್ತಕ. ಯಲಹಂಕ, ಹೆಬ್ಬಾಳ, ಯಶವಂತಪುರಗಳಿಂದ ಬರುವ ಒಬ್ಬೊಬ್ಬ ಹುಡುಗಿ ತನ್ನ ಬಸ್ಸಿನ ನಿಲ್ದಾಣದಲ್ಲಿ ನಿಂತು, ಬೀದಿಯ ದೀಪದ ಕಂಬಗಳು ಎಷ್ಟು ಕಾಣುತ್ತವೆಂದು ಎಣಿಸಿ, ಗಂಟೆಯನ್ನೂ ಸೇರಿಸಿ ಅದರಲ್ಲಿ ಬರೆಯುತ್ತಾಳೆ. ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆಯೆಂಬುದನ್ನು ರಜೆಯ ದಿನ ಮೊದಲೇ ಅಳೆದಿಟ್ಟಿರುತ್ತಾಳೆ. ಒಂದೇ ದಿನದ ಪುಟದಲ್ಲಿ ಯಲಹಂಕದ ಎದುರಿಗೆ ಎರಡು ಕಂಬವೆಂದೂ ನಮ್ಮ ಆರ್.ಟಿ. ನಗರದ ಎದುರಿಗೆ ಎಲ್ಲವೂ ಕಾಣುತ್ತದೆಂದೂ ಬರೆದಿರುವುದುಂಟು. ಆ ಪುಸ್ತಕ ಈಗ ನಮ್ಮ ಮೇಜಿನ ಮೇಲೆಯೇ ಇರುತ್ತದೆ.