ಬಿಲ್ ಬಿಸಾಡಬೇಡಿ

ಸೂಪರ್‌ಮಾರ್ಕೆಟ್‌ಗಳ ಬಗ್ಗೆ ಈ ತಿಂಗಳು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಹೆಚ್ಚಿನವರ ಸಿಟ್ಟು ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತ ಹುಡುಗ ಹುಡುಗಿಯರ ಮೇಲೆ. ಕೊನೆಯ ಪತ್ರ ಅಂಥ ಹುಡುಗಿಯೊಬ್ಬಳದೇ. ಉಳಿದ ಪತ್ರಗಳನ್ನು ಬಿಟ್ಟರೂ ಅದನ್ನು ದಯವಿಟ್ಟು ಓದಿ.

ಶೆಲ್ಫ್‌ಗೆ ಅಂಟಿಸಿದ ಚೀಟಿಯಲ್ಲಿ ಐದು ಲೀಟರ್ ಎಣ್ಣೆ ಕ್ಯಾನಿಗೆ ಆಫರ್ ದರ ಇತ್ತು. ಮನೆಗೆ ಬಂದು ಬಿಲ್ ನೋಡಿದರೆ 60 ರೂಪಾಯಿ ಜಾಸ್ತಿ. ಮರುದಿನ ಹೋಗಿ ಕೇಳಿದ್ದಕ್ಕೆ, ‘ಆಫರ್ ಮುಗಿದುಹೋಗಿತ್ತು ಮೇಡಂ, ಸಿಸ್ಟಮ್‌ನಲ್ಲಿ ಇರೋದೇ ರೇಟು. ಎಂಆರ್‌ಪಿಗಿಂತ ಜಾಸ್ತಿ ತಗೊಂಡಿಲ್ಲವಲ್ಲ’ ಅಂದರು. ಅರವತ್ತು ರೂಪಾಯಿಗೆ ಜಗಳವಾಡುವುದೇ ಎಂದು ಮನೆಯವರು ಬೈದರು.
– ಗೃಹಿಣಿ, ಶಿವಮೊಗ್ಗ

ಜಗಳ ಬೇಡ. ಆದರೆ ಆ 60 ರೂಪಾಯಿ ನಿಮ್ಮದು, ಕೇಳಿ ಪಡೆಯಿರಿ.

ಇದು ಹೇಗಾಗುತ್ತದೆ ಎಂದರೆ, ಕೌಂಟರ್‌ನ ಸ್ಕ್ಯಾನರ್ ಓದುವುದು ಬಾರ್‌ಕೋಡ್‌ನ ಸಂಖ್ಯೆಯನ್ನು ಮಾತ್ರ. ದರ ಬರುವುದು ಕಂಪ್ಯೂಟರಿನಿಂದ. ಅಲ್ಲಿ ದರ ಒಂದೇ ಗಳಿಗೆಯಲ್ಲಿ ಬದಲಾಗುತ್ತದೆ. ಶೆಲ್ಫಿನ ಚೀಟಿಯನ್ನು ಮಾತ್ರ ಯಾರಾದರೂ ಕೈಯಾರೆ ಕಿತ್ತು ಬೇರೆ ಅಂಟಿಸಬೇಕು. ಆಫರ್ ಭಾನುವಾರ ರಾತ್ರಿ ಮುಗಿದರೆ ಸೋಮವಾರ ಮಧ್ಯಾಹ್ನದವರೆಗೂ ಹಳೇ ಚೀಟಿ ಅಲ್ಲೇ ಉಳಿದಿರಬಹುದು. ಅದು ಅಂಗಡಿಯವರ ಲೋಪ. ಅದರ ಖರ್ಚು ನಿಮ್ಮ ತಲೆಗೆ ಬರಬಾರದು.

‘ಎಂಆರ್‌ಪಿ ಮೀರಿಲ್ಲ’ ಎಂಬ ಉತ್ತರ ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ. ಎಂಆರ್‌ಪಿ ದಾಟಬಾರದು ಎನ್ನುವುದು ಪೊಟ್ಟಣ ಸಾಮಗ್ರಿಗಳ ನಿಯಮ. ಒಂದು ದರ ತೋರಿಸಿ ಕರೆದು ಇನ್ನೊಂದು ದರ ವಸೂಲು ಮಾಡಬಾರದು ಎನ್ನುವುದು ಬೇರೆಯೇ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಜಾಹೀರಾತು’ ಎಂಬ ಮಾತಿನೊಳಗೆ ನೋಟಿಸು, ಲೇಬಲ್ಲು ಕೂಡ ಸೇರಿವೆ. ದರದ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದು ಅದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಇನ್ನು ಮುಂದೆ ಆಫರ್ ಇರುವ ಸಾಮಾನು ತೆಗೆದುಕೊಳ್ಳುವಾಗ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೌಂಟರ್ ದಾಟುವ ಮುಂಚೆ, ಟ್ರಾಲಿ ಪಕ್ಕಕ್ಕೆ ನಿಲ್ಲಿಸಿ, ಬಿಲ್ ಒಮ್ಮೆ ಓದಿ. ವ್ಯತ್ಯಾಸ ಕಂಡರೆ ಬಿಲ್ಲಿಂಗ್ ಹುಡುಗಿಯ ಹತ್ತಿರ ವಾದಿಸಬೇಡಿ, ದರ ಬದಲಿಸುವ ಅಧಿಕಾರ ಆಕೆಗೆ ಇರುವುದಿಲ್ಲ. ನೇರ ಕಸ್ಟಮರ್ ಸರ್ವಿಸ್ ಡೆಸ್ಕಿಗೆ ಹೋಗಿ ಸ್ಟೋರ್ ಮ್ಯಾನೇಜರನ್ನು ಕರೆಸಿ.

ಸೂಪರ್‌ಮಾರ್ಕೆಟ್‌ನಲ್ಲಿ ಕೊಂಡ ಮಿಕ್ಸರ್ ನಾಲ್ಕನೇ ದಿನಕ್ಕೆ ಸುಟ್ಟ ವಾಸನೆ ಬಂದು ನಿಂತಿತು. ವಾಪಸ್ ಒಯ್ದರೆ, ‘ಎಲೆಕ್ಟ್ರಿಕ್ ಐಟಂ ನಾವು ತಗೊಳ್ಳೋದಿಲ್ರಿ, ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗ್ರಿ’ ಅಂತಾರೆ. ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚಾಗಿದೆ. ಬಿಲ್ಲಿನ ಅಕ್ಷರವೂ ಮಾಸುತ್ತಾ ಬಂದಿದೆ.
– ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ಗುರುಗಳೇ, ಈ ಉತ್ತರ ಓದುವುದು ನಿಲ್ಲಿಸಿ ಮೊದಲು ಬಿಲ್ಲಿನ ಫೋಟೊ ತೆಗೆಯಿರಿ. ಈ ಬಿಲ್ಲುಗಳಲ್ಲಿ ಶಾಯಿ ಇಲ್ಲ. ಕಾಗದಕ್ಕೆ ಹಚ್ಚಿದ ರಾಸಾಯನಿಕ ಲೇಪ ಬಿಸಿ ತಾಕಿ ಕಪ್ಪಾಗಿ ಅಕ್ಷರವಾಗುತ್ತದೆ. ಬಿಸಿಲು, ಎಣ್ಣೆಕೈ, ಪರ್ಸಿನೊಳಗಿನ ಬೆವರು ತಾಕಿದರೆ ಕೆಲವೇ ತಿಂಗಳಲ್ಲಿ ಬಿಳಿ ಹಾಳೆಯಾಗುತ್ತದೆ. ಗ್ಯಾರಂಟಿ ಎರಡು ವರ್ಷದ್ದಿದ್ದು ಬಿಲ್ ಆರು ತಿಂಗಳಿಗೇ ಮಾಯವಾದ ಪ್ರಕರಣಗಳನ್ನು ನಾನೇ ಕಂಡಿದ್ದೇನೆ. ಗೆಲ್ಲಬಹುದಾಗಿದ್ದವರು ಬರಿಗೈಯಲ್ಲಿ ಮನೆಗೆ ಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಇನ್ನು ಆ ಅಚ್ಚಾದ ಸಾಲು. ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಕಾನೂನು ಅಳಿಸಿಹೋಗುವುದಿಲ್ಲ. ನಿಮ್ಮಿಂದ ಹಣ ಪಡೆದವರು ಅಂಗಡಿಯವರು, ಹಾಗಾಗಿ ಅವರೂ ಹೊಣೆ. ಒಂದು ಮಾತು ಮಾತ್ರ ನೆನಪಿರಲಿ: ಇದು ದೋಷವಿರುವ ಮಾಲಿಗೆ. ಬಣ್ಣ ಹಿಡಿಸಲಿಲ್ಲ, ಮನೆಯಲ್ಲಿ ಇನ್ನೊಂದಿತ್ತು ಎಂಬ ಕಾರಣಕ್ಕೆ ಹಿಂದಿರುಗಿಸಲು ಅಂಗಡಿಯ ಸ್ವಂತ ನಿಯಮವೇ ಆಧಾರ.

ಮೊದಲು ಸ್ಟೋರ್ ಮ್ಯಾನೇಜರ್‌ಗೆ ಅರ್ಧ ಪುಟದ ಪತ್ರ ಬರೆದು, ನಕಲಿನ ಮೇಲೆ ಸೀಲು, ಸಹಿ ಪಡೆಯಿರಿ. ಸಹಿ ಹಾಕಲು ಹಿಂಜರಿದರೆ ಕಂಪನಿಗೆ ಇ–ಮೇಲ್ ಕಳಿಸಿ, ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ. ಒಂದು ವಾರ ಕಾದು 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ದೊಡ್ಡ ಸರಣಿ ಅಂಗಡಿಗಳ ಎಷ್ಟೋ ವ್ಯಾಜ್ಯ ಇಲ್ಲೇ ಬಗೆಹರಿಯುತ್ತವೆ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನೀವೇ ವಾದಿಸಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ.

ಬಿಲ್ ಮಾಡಬೇಕಾದರೆ ಮೊಬೈಲ್ ನಂಬರ್ ಕೊಡಲೇಬೇಕೆ? ಕೈಚೀಲಕ್ಕೆ ದುಡ್ಡು ತೆಗೆದುಕೊಳ್ಳುವುದು ಸರಿಯೇ?
– ಐಟಿ ಉದ್ಯೋಗಿ, ಬೆಂಗಳೂರು

ನಂಬರ್ ಕೊಡಬೇಕಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಆಗದು ಎಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿ ಸಂಸ್ಥೆಗಳಿಗೆ ತಿಳಿಸಿದೆ. ‘ನಂಬರ್ ಬೇಡ, ಹಾಗೇ ಬಿಲ್ ಮಾಡಿ’ ಎಂದರೆ ಸಾಕು. ಅಂಗಡಿಯ ರಿವಾರ್ಡ್ ಪಾಯಿಂಟ್ಸ್ ಬೇಕೆನಿಸಿದರೆ ಕೊಡಿ, ಅದು ನಿಮ್ಮ ಇಷ್ಟ.

ಚೀಲದ ವಿಚಾರದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಒಂದು ಆದೇಶ ಕೊಟ್ಟಿದೆ. ಚೀಲಕ್ಕೆ ಬೆಲೆ ಇದೆ ಎಂದು ಮೊದಲೇ ತಿಳಿಸದೆ, ಸಾಮಾನೆಲ್ಲ ಆರಿಸಿ ಕೌಂಟರ್‌ಗೆ ಬಂದ ಮೇಲೆ ದುಡ್ಡು ಕೇಳುವುದು ತಪ್ಪು. ಆದರೂ ಮನೆಯಿಂದ ಬಟ್ಟೆ ಚೀಲ ಒಯ್ಯಿರಿ ಎನ್ನುವುದೇ ನನ್ನ ಮಾತು. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ. ಒಯ್ದ ಚೀಲವನ್ನು ಒಳಗೆ ಬಿಡುವುದಿಲ್ಲ, ನಮ್ಮ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಿ ಎಂದರೆ ಆಗ ದೂರು ಕೊಡಿ.

ಅಂಗಡಿಯಲ್ಲೇ ತೂಗಿ ಪ್ಯಾಕ್ ಮಾಡಿದ ತೊಗರಿಬೇಳೆ ಮನೆಯಲ್ಲಿ ತೂಗಿದರೆ ಕಡಿಮೆ ಬರುತ್ತದೆ.
– ಓದುಗರು, ಮೈಸೂರು

ಮನೆಯ ತಕ್ಕಡಿಯನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ. ಪೊಟ್ಟಣವನ್ನು ಒಡೆಯದೆ ಅಂಗಡಿಗೆ ಒಯ್ದು ಅವರ ಎದುರೇ ತೂಗಿಸಿ. ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಸರ್ಕಾರದ ಮುದ್ರೆ ಹಾಕಿಸಬೇಕು, ಪ್ರಮಾಣಪತ್ರ ಕಾಣುವಂತೆ ತೂಗುಹಾಕಬೇಕು. ಆ ಪತ್ರದ ದಿನಾಂಕ ನೋಡಿ. ಅನುಮಾನ ಉಳಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಿ.

ಬಾಗಿಲಲ್ಲಿ ಬಿಲ್ ತೋರಿಸಿದೆ. ಸೆಕ್ಯುರಿಟಿಯವರು ಅಷ್ಟಕ್ಕೇ ಬಿಡದೆ, ನಾನು ಮನೆಯಿಂದ ತಂದ ಚೀಲವನ್ನೂ ಎಲ್ಲರೆದುರು ಸುರಿದು ಹುಡುಕಿದರು. ಒಳಗಿದ್ದದ್ದು ನನ್ನ ಬಿಪಿ ಮಾತ್ರೆ, ಕನ್ನಡಕ. ‘ಸಾರಿ ಅಜ್ಜ’ ಎಂದು ಕಳಿಸಿದರು. ಎಪ್ಪತ್ತೆರಡು ವರ್ಷದಲ್ಲಿ ಇಂಥ ಅವಮಾನ ಆಗಿರಲಿಲ್ಲ.
– ಹಿರಿಯರು, ಉಡುಪಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಲ್ಲಿಗೂ ಸಾಮಾನಿಗೂ ತಾಳೆ ನೋಡಿ ಬಿಲ್ಲಿಗೆ ತೂತು ಹಾಕುವುದು ರೂಢಿ, ಅದಕ್ಕೆ ಸಹಕರಿಸಿದ್ದೀರಿ. ಅದರಾಚೆಗೆ, ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಸ್ವಂತ ಚೀಲಕ್ಕೆ ಕೈ ಹಾಕುವ ಅಧಿಕಾರ ಖಾಸಗಿ ಕಾವಲುಗಾರರಿಗೆ ಇಲ್ಲ. ಕಳ್ಳತನದ ಸಂಶಯವಿದ್ದರೆ ಪೊಲೀಸರನ್ನು ಕರೆಯಬೇಕಿತ್ತು. ಹೋಗಗೊಡದೆ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ.

ತಡಮಾಡದೆ ಮ್ಯಾನೇಜರ್‌ಗೆ ಬರೆದು, ಆ ದಿನ ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ತೆಗೆದಿಡುವಂತೆ ಕೇಳಿ. ಕೆಲ ದಿನ ಕಳೆದರೆ ಹಳೆಯದರ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುತ್ತದೆ. ಬಿಲ್ಲಿನ ಮೇಲೆ ಅಚ್ಚಾದ ಗಂಟೆ, ನಿಮಿಷ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾನಸಿಕ ಯಾತನೆಗೂ ಗ್ರಾಹಕ ಆಯೋಗ ಪರಿಹಾರ ಕೊಡಿಸಬಲ್ಲದು. ಅಷ್ಟು ದೂರ ಹೋಗಲು ನಿಮಗೆ ಮನಸ್ಸಿಲ್ಲದಿದ್ದರೆ ಲಿಖಿತ ಕ್ಷಮಾಪಣೆಯನ್ನಾದರೂ ಕೇಳಿ. ಅದನ್ನು ಕಂಪನಿಯಿಂದ ಕೇಳಿ. ಚೀಲ ಸುರಿದ ಆ ಹುಡುಗನಿಗೆ ಹಾಗೆ ಮಾಡೆಂದು ಹೇಳಿಕೊಟ್ಟವರು ಯಾರು ಎನ್ನುವುದೂ ಆಗ ಹೊರಬೀಳುತ್ತದೆ.

ನಾನು ಕ್ಯಾಶಿಯರ್. ದಿನಕ್ಕೆ ಒಂಬತ್ತು ಗಂಟೆ ನಿಂತೇ ಕೆಲಸ, ಕುರ್ಚಿ ಇಲ್ಲ. ಎಲ್ಲರೂ ನನ್ನ ಮೇಲೆ ಕೂಗಾಡುತ್ತಾರೆ. ರಾತ್ರಿ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಹೋದ ತಿಂಗಳು 1,100 ರೂಪಾಯಿ ಹೋಯಿತು. ನನಗೂ ನಿಮ್ಮ ಅಂಕಣದಲ್ಲಿ ಉತ್ತರ ಸಿಗುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಖಂಡಿತ ಸಿಗುತ್ತದೆ ತಂಗಿ.

ಕಡಿಮೆ ಬಂದ ಹಣವನ್ನು ಸಂಬಳದಲ್ಲಿ ಮುರಿಯಲು ಕಾನೂನಿನಲ್ಲಿ ಎರಡು ಷರತ್ತುಗಳಿವೆ. ಆ ನಷ್ಟ ನಿನ್ನ ಅಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮುಂಚೆ ನಿನ್ನ ವಿವರಣೆ ಕೇಳಿರಬೇಕು. ನಿನ್ನ ಗಲ್ಲೆಯಲ್ಲೇ ಊಟದ ಹೊತ್ತಿನಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ, ರಾತ್ರಿ ಕೊರತೆಯನ್ನೆಲ್ಲ ನಿನ್ನ ಲೆಕ್ಕಕ್ಕೆ ಬರೆಯುವಂತಿಲ್ಲ. ನಿನ್ನನ್ನು ಏಜೆನ್ಸಿ ಮೂಲಕ ಸೇರಿಸಿಕೊಂಡಿದ್ದರೂ, ಏಜೆನ್ಸಿ ಸಂಬಳ ಕೊಡದಿದ್ದಾಗ ಮೂಲ ಕಂಪನಿಯೇ ಕೊಡಬೇಕು. ನಿಮ್ಮ ಊರಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಸಂಬಳದ ಚೀಟಿ ಒಯ್ದು ದೂರು ಕೊಡು.

ಇನ್ನು ಕುರ್ಚಿಯ ಮಾತು. ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕೇರಳದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳೇ. ನಮ್ಮಲ್ಲೂ ಬಿಲ್ ಮಾಡುವವರಿಗೆ ಆಸನ ಸಿಗಲೇಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಬಿಲ್ ಮಾಡುವವರು ಕುಳಿತರೆ ಗ್ರಾಹಕರಿಗೆ ಏನೂ ನಷ್ಟವಿಲ್ಲ. ಕಸ್ಟಮರ್ ಫೀಡ್‌ಬ್ಯಾಕ್ ಪುಸ್ತಕದಲ್ಲಿ ‘ಕ್ಯಾಶಿಯರ್‌ಗೆ ಕುರ್ಚಿ ಕೊಡಿ’ ಎಂದು ಓದುಗರೂ ಒಂದು ಸಾಲು ಬರೆಯಲಿ.

ನೀನು ಇವತ್ತಿನಿಂದಲೇ ಒಂದು ಕೆಲಸ ಮಾಡು. ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಬೆಳಿಗ್ಗೆ ಎಷ್ಟು ಚಿಲ್ಲರೆ ಕೈಗೆ ಬಂತು, ನಡುವೆ ಗಲ್ಲೆಯಲ್ಲಿ ಯಾರು ಯಾವ ಹೊತ್ತು ನಿಂತರು, ರಾತ್ರಿ ಎಷ್ಟು ಒಪ್ಪಿಸಿದೆ ಎಂದು ಬರೆದು, ಹಣ ಎಣಿಸಿಕೊಂಡವರ ಸಹಿ ಹಾಕಿಸಿಕೋ. ಸಹಿ ಹಾಕಲ್ಲ ಅಂದರೆ, ‘ಹಾಕಲಿಲ್ಲ’ ಎಂದು ಗಂಟೆ ಸಮೇತ ಬರೆದಿಡು.