ಹಳೆಯ ಪಿಕಪ್‌ಗೆ ಹೊಸ ಸಸ್ಪೆನ್ಷನ್

1953ರಿಂದ 56ರವರೆಗಿನ ಫೋರ್ಡ್ ಎಫ್-100 ಪಿಕಪ್ ನೋಡಲು ಎಷ್ಟು ಚೆಂದವೋ ಓಡಿಸಲು ಅಷ್ಟೇ ಒರಟು. ಮುಂದಿನ ಎರಡೂ ಚಕ್ರಗಳಿಗೆ ಒಂದೇ ಉಕ್ಕಿನ ಆ್ಯಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್. ಎಡಚಕ್ರ ಗುಂಡಿಗೆ ಇಳಿದರೆ ಪೆಟ್ಟು ಬಲಚಕ್ರಕ್ಕೂ ತಟ್ಟುತ್ತದೆ. ಅಮೆರಿಕದಲ್ಲಿ ಇಂಥ ಗಾಡಿ ಇಟ್ಟುಕೊಂಡ ಅನೇಕರು ಇದಕ್ಕೆ 1974–78ರ ಮಸ್ಟಾಂಗ್ II ಕಾರಿನ ಮಾದರಿಯ ಕಿಟ್ ಹಾಕಿಸುತ್ತಾರೆ. ಪ್ರತಿ ಚಕ್ರಕ್ಕೂ ಬೇರೆ ಕಾಯಿಲ್ ಸ್ಪ್ರಿಂಗ್, ರ‍್ಯಾಕ್ ಸ್ಟೀರಿಂಗ್, ಡಿಸ್ಕ್ ಬ್ರೇಕ್ ಎಲ್ಲವೂ ಒಟ್ಟಿಗೆ ಬರುತ್ತವೆ.

ಗ್ರೈಂಡರ್ ಎತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂಭಾಗಕ್ಕೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ದೋಷ ವೀಲ್ ಬೇರಿಂಗ್‌ನದು, ಉಳಿದರೆ ಕಿಂಗ್ ಪಿನ್‌ನದು. ಹೊಸ ಕಿಂಗ್ ಪಿನ್, ಬುಷ್, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿ ಎಷ್ಟೋ ಹದಕ್ಕೆ ಬರುತ್ತದೆ. ವಾರಕ್ಕೊಮ್ಮೆ ಊರೊಳಗೆ ಸುತ್ತುವವರಿಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಕಿಟ್ ಹಾಕಿಸಲು ಹೊರಟವರಿಗೆ ಇನ್ನೊಂದು ತೊಡಕಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿಯೂ ಮೂಲರೂಪದಲ್ಲೇ ಉಳಿದ ವಾಹನಕ್ಕೆ. ಚಾಸಿ ಕತ್ತರಿಸಿದರೆ ಆ ದಾರಿಗೆ ಕುತ್ತು. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕಿಟ್ ಹಾಕುವುದೇ ಎಂದು ತೀರ್ಮಾನಿಸಿದ್ದರೆ, ಹಳೆಯದನ್ನು ಬಿಚ್ಚುವ ಮುನ್ನ ಅಳತೆ ತೆಗೆದುಕೊಳ್ಳಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಚಾಸಿಯನ್ನು ಸಮನೆಲದಲ್ಲಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ರಸಮಟ್ಟ ಇಟ್ಟು ನೋಡಿ. ಆ್ಯಕ್ಸಲ್‌ನ ಮಧ್ಯರೇಖೆಯನ್ನು ತೂಗುಗುಂಡು ಬಿಟ್ಟು ಚಾಸಿಯ ಎರಡೂ ಕಡೆ ಗುರುತು ಮಾಡಿ. ಈ ಗುರುತು ತಪ್ಪಿದರೆ ಚಕ್ರ ಮಡ್‌ಗಾರ್ಡಿನ ನಡುವೆ ನಿಲ್ಲದೆ ಹಿಂದೆಯೋ ಮುಂದೆಯೋ ಸರಿದು ಕಾಣುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಸರಿಪಡಿಸಲು ಉಳಿಯುವ ದಾರಿ ಮತ್ತೆ ಕತ್ತರಿಸುವುದೊಂದೇ.

ಬಳಿಕ ಹಳೆಯ ಆ್ಯಕ್ಸಲ್, ಸ್ಪ್ರಿಂಗ್, ಬ್ರಾಕೆಟ್ ತೆಗೆದು, ತೆರೆದ ಚಾಸಿಪಟ್ಟಿಯ ಒಳಬದಿಗೆ ಪ್ಲೇಟ್ ಹಾಕಿ ಪೆಟ್ಟಿಗೆಯಂತೆ ಮುಚ್ಚಬೇಕು. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ಚಾಸಿ ಬಾಗುತ್ತದೆ. ಬದಿ ಬದಲಿಸುತ್ತಾ ತುಂಡುತುಂಡಾಗಿ ಬೆಸೆಯಿರಿ. ಕಿಟ್‌ನ ಅಡ್ಡತೊಲೆಯಾದ ಕ್ರಾಸ್‌ಮೆಂಬರ್‌ಗೆ ಮೊದಲು ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಮಾತ್ರ ಕೊಟ್ಟು, ಕರ್ಣದ ಅಳತೆ ಎರಡೂ ಕಡೆ ಸಮ ಬಂದ ಮೇಲೆ ಪೂರ್ತಿ ವೆಲ್ಡ್ ಮಾಡಿಸಿ. ಜೀವ ಹೊರುವ ಬೆಸುಗೆ ಇದು, ನುರಿತ ವೆಲ್ಡರ್‌ಗೇ ಬಿಡಿ. ಎಂಜಿನ್‌ನ ಆಯಿಲ್ ಸಂಪ್ ತಾಗುವುದಿಲ್ಲವೇ ಎಂಬುದನ್ನೂ ಟ್ಯಾಕ್ ಹಂತದಲ್ಲೇ ನೋಡಿಕೊಳ್ಳಿ.

ಕಾಯಿಲ್ ಸ್ಪ್ರಿಂಗ್ ಕೂರಿಸುವಾಗ ಕಂಪ್ರೆಸರ್ ಬಳಸಿ, ಮುಖ ದೂರವಿರಲಿ. ಎಂಜಿನ್ ಭಾರ ಬೀಳುವವರೆಗೆ ಗಾಡಿ ಎತ್ತರಕ್ಕೇ ನಿಂತಿರುತ್ತದೆ, ಗಾಬರಿ ಬೇಡ. ಹಳೆಯ ಮಾಸ್ಟರ್ ಸಿಲಿಂಡರ್ ಡಿಸ್ಕ್ ಬ್ರೇಕಿಗೆ ಹೊಂದುವುದಿಲ್ಲ. ಹೊಸದೂ ಪಾದದಡಿಯೇ ಕೂರುವುದಾದರೆ ಡಿಸ್ಕ್ ಲೈನಿನಲ್ಲಿ 2 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಬೇಕು, ಇಲ್ಲವಾದರೆ ಬ್ರೇಕ್ ಆಯಿಲ್ ಹಿಂದಕ್ಕೆ ಇಳಿಯುತ್ತದೆ. ಖರೀದಿಗೆ ಮುನ್ನ ಚಕ್ರದ ಬೋಲ್ಟ್ ಕೂಡ ನೋಡಿ: ಎಫ್-100ರ ಐದು ಬೋಲ್ಟ್‌ಗಳ ವೃತ್ತ 5.5 ಅಂಗುಲ, ಮಸ್ಟಾಂಗ್ II ಮಾದರಿಯ ಕಿಟ್‌ಗಳದ್ದು ಸಾಮಾನ್ಯವಾಗಿ 4.5. ಹೊಂದುವ ರೋಟರ್ ಕೇಳಿ ಪಡೆಯದಿದ್ದರೆ ಹಿಂದಿನ ಚಕ್ರಕ್ಕೆ ಹೊಂದುವ ಸ್ಟೆಪ್ನಿ ಮುಂದಿನದಕ್ಕೆ ಹೊಂದದು.

ಕೊನೆಗೆ ಅಲೈನ್‌ಮೆಂಟ್. ಕ್ಯಾಂಬರ್, ಕ್ಯಾಸ್ಟರ್, ಟೋ ಮೂರನ್ನೂ ಕಿಟ್‌ನ ಕೈಪಿಡಿಯಂತೆ ಹೊಂದಿಸಿ, ನೂರಾರು ಕಿಲೋಮೀಟರ್ ಓಡಿಸಿ, ಪ್ರತಿ ನಟ್ಟನ್ನೂ ಟಾರ್ಕ್ ವ್ರೆಂಚ್‌ನಿಂದ ಮತ್ತೆ ಪರೀಕ್ಷಿಸಿ.